ರೇಣವ್ವ ತೆಗೆಸಿದ ಬಾಗಿಲು

ಕಣ್ಣು ತೆರೆದುಕೊಂಡೇ ಬೇರೆಲ್ಲೋ ಹೋಗಿಬಿಡುವ ಅಭ್ಯಾಸ ರೇಣವ್ವನಿಗೆ ಚಿಕ್ಕಂದಿನಿಂದಲೇ ಇತ್ತಂತೆ. ತನ್ನ ತವರೂರು ಸುಳ್ಳದಲ್ಲಿ ಹತ್ತಿ ಬಿಡಿಸಲು ಹೋದರೆ ಉಳಿದವರ ಉಡಿ ತುಂಬುವ ಹೊತ್ತಿಗೆ ಈಕೆಯ ಉಡಿಯಲ್ಲಿ ನಾಲ್ಕು ಹಿಡಿ ಅರಳೆ. ಉಳಿದ ಹೊತ್ತೆಲ್ಲ ಸಾಲಿನ ನಡುವೆ ನಿಂತು ಬೆಳ್ಳಗಿನ ಹೊಲವನ್ನು ನೋಡುತ್ತಿದ್ದಳು. "ಈಕಿ ಎಚ್ಚರ ಇದ್ದಾಗೂ ನಿದ್ದಿ ಮಾಡ್ತಾಳ" ಎಂದು ಅವರವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಅಂಥ ಹೆಂಗಸು ಒಂದು ಮುಂಜಾನೆ ಇನ್ನೂರು ಹೊಲಿಗೆ ಯಂತ್ರಗಳನ್ನು ನಿಲ್ಲಿಸಿದಳು ಎಂದರೆ ಆಕೆಯ ಊರಿನವರು ಇಂದಿಗೂ ನಂಬುವುದಿಲ್ಲ. ನಾನು ನಂಬುತ್ತೇನೆ. ಅದು ಶುರುವಾದದ್ದು ನಮ್ಮ ಮನೆಯ ಪಡಸಾಲೆಯಲ್ಲಿ.

ನಮ್ಮದು ಧಾರವಾಡದ ಮಾಳಮಡ್ಡಿ. ನಾನು ಸುಹಾಸಿನಿ, ನವನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ತಂದೆ ಯಜ್ಞೇಶ್ವರ ಅವರು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿದವರು. ಅಮೆರಿಕದ ಇತಿಹಾಸ ಹೇಳುವಾಗ ಅವರಿಗೆ ಅಧ್ಯಕ್ಷರು, ಯುದ್ಧಗಳು ಬೇಸರ. ಗಿರಣಿ, ಗಣಿ, ರೈಲು, ಅಲ್ಲಿ ದುಡಿದವರು, ಅವರು ಕಟ್ಟಿದ ಸಂಘಗಳು — ಇದೇ ಅವರ ಹುಚ್ಚು. ಕನ್ನಡದಲ್ಲಿ ಓದಲು ಏನೂ ಸಿಗುವುದಿಲ್ಲವೆಂದು ತಾವೇ ಬರೆಯುತ್ತ ಹೋದರು. ಹನ್ನೊಂದು ನೋಟುಪುಸ್ತಕಗಳಾದವು. ಪ್ರಶ್ನೆಪತ್ರಿಕೆಯಲ್ಲಿ ಬಾರದ್ದನ್ನು ವಿದ್ಯಾರ್ಥಿಗಳು ಕೇಳಲಿಲ್ಲ. ಕೇಳದ್ದನ್ನು ಯಾರೂ ಅಚ್ಚು ಹಾಕಲಿಲ್ಲ. ನನಗೂ ಇತಿಹಾಸ ಅಷ್ಟಕ್ಕಷ್ಟೇ ಎಂದು ಒಪ್ಪಿಕೊಳ್ಳಬೇಕು. ನಿವೃತ್ತರಾದ ಮೇಲೆ ಎಲ್ಲವನ್ನೂ ತಿದ್ದಬೇಕೆಂದು ಅಪ್ಪ ಹೊರಟರು. ಅಷ್ಟರಲ್ಲಿ ಕಣ್ಣಿನ ನರ ಸೋತು ಅಕ್ಷರಗಳು ಮಂಜಾದವು.

ರೇಣವ್ವನ ಮನೆ ನಮ್ಮ ಶಾಲೆಯ ಹಿಂದೆ. ಗಂಡ ಶಿದ್ದಪ್ಪ ಅಮರಗೋಳದ ಮಾರುಕಟ್ಟೆಯಲ್ಲಿ ಟೆಂಪೊ ಓಡಿಸುತ್ತಾನೆ. ಆಕೆ ತಾರಿಹಾಳದ ಕಡೆ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಲರ್ ಕೂರಿಸುತ್ತಾಳೆ. ರವಿವಾರ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮೂರು ವರ್ಷದ ಹಿಂದೆ, ದೀಪಾವಳಿಯ ನಂತರದ ಒಂದು ರವಿವಾರ, ಮದುವೆಗೆಂದು ನಾನು ಅವಸರ ಮಾಡಿದ್ದ ಬ್ಲೌಸನ್ನು ಕೊಡಲು ಚಿಗರಿ ಬಸ್ಸು ಹತ್ತಿ ನಮ್ಮ ಮನೆಗೇ ಬಂದಳು. ನಾನು ಚಹಾಕ್ಕಿಟ್ಟು ಹೊರಬರುವುದರೊಳಗೆ, ಬ್ಲೌಸು ಸುತ್ತಿ ತಂದಿದ್ದ ಹಳೆಯ ಪೇಪರನ್ನು ಬಿಡಿಸಿ ಹಿಡಿದು ತನಗೇ ಎಂಬಂತೆ ಮೆಲುದನಿಯಲ್ಲಿ ಓದುತ್ತ ಕುಳಿತಿದ್ದಳು.

ಒಳಕೋಣೆಯಿಂದ ಅಪ್ಪನ ದನಿ ಬಂತು. "ಸುಹಾಸಿನಿ, ಯಾರದು ಓದ್ಲಿಕ್ಕತ್ತಿದ್ದು?"

"ಬ್ಲೌಸ್ ಹೊಲಿಯೋ ರೇಣವ್ವ ಬಂದಾರ, ಅಪ್ಪಾ."

"ಎಲ್ಲಿ ನಿಲ್ಲಿಸಬೇಕು ಅಲ್ಲಿ ನಿಲ್ಲಸ್ತಾಳ. ಕರಿ ಒಳಗ."

ಹೀಗೆ ಆಕೆ ಪ್ರತಿ ರವಿವಾರ ಹನ್ನೊಂದಕ್ಕೆ ಬರತೊಡಗಿದಳು. ಆಕೆ ಓದುವುದು, ಅಪ್ಪ ತಿದ್ದುಪಡಿ ಹೇಳುವುದು, ಆಕೆ ಅದನ್ನು ಅಂಚಿನಲ್ಲಿ ಬರೆಯುವುದು. ಪಿಯುಸಿ ಮುಗಿಸಿದ್ದ ಆಕೆಯ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿತ್ತು.

ಅಪ್ಪನಿಗೆ ಪ್ರೀತಿಯ ನಾಲ್ಕನೆಯ ನೋಟಿನಿಂದಲೇ ಓದು ಶುರುವಾಯಿತು. ಸಾವಿರದ ಒಂಬೈನೂರ ಹನ್ನೆರಡರ ಜನವರಿ. ಲಾರೆನ್ಸ್ ಎಂಬ ಊರಿನ ಬಟ್ಟೆ ಗಿರಣಿಗಳು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಹಿಮದಲ್ಲಿ ಬೀದಿಗಿಳಿದಿದ್ದರು. ಬೇರೆ ಬೇರೆ ದೇಶಗಳಿಂದ ಬಂದು ಸೇರಿದ ಅವರಲ್ಲಿ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಒಂದೇ ಕಡೆ ನಿಂತರೆ ಪೊಲೀಸರು ಹಿಡಿಯುತ್ತಾರೆಂದು ಗಿರಣಿಗಳ ಸುತ್ತ ದಿನವಿಡೀ ನಡೆಯುತ್ತಲೇ ಇದ್ದರು.

ರೇಣವ್ವ ಓದು ನಿಲ್ಲಿಸಿದಳು. "ಸರ, ಈ ಹಿಮ ಅಂದ್ರ ಹೆಂಗಿರ್ತೈತ್ರಿ?"

"ನಾನೂ ನೋಡಿಲ್ಲವಾ," ಎಂದರು ಅಪ್ಪ. ಹನ್ನೊಂದು ನೋಟು ಬರೆದ ಮನುಷ್ಯ ಧಾರವಾಡ ಜಿಲ್ಲೆಯಿಂದ ಹೊರಗೆ ಹೆಚ್ಚು ಹೋದವರಲ್ಲ.

"ನಮ್ಮೂರ ಕಡೆ ಹತ್ತಿ ಜಿನ್ನಿನ್ಯಾಗ ಅರಳಿ ಹಾರ್ತಾವಲ್ರೀ, ಗ್ವಾಡಿ ಮ್ಯಾಲ, ತಲಿ ಮ್ಯಾಲ, ಹುಬ್ಬಿನ ಮ್ಯಾಲ ಕುಂದರ್ತಾವು. ಹಂಗ ಇರ್ಬೇಕ್ರಿ."

"ಹಂಗ ಅಂತ ತಿಳಕೋ. ಖರೇ ಅಂದ್ರ ಇನ್ನು ಮ್ಯಾಲ ನಾನೂ ಹಂಗ ತಿಳಕೋತೀನಿ."

ಅಂದಿನಿಂದ ಆಕೆಯ ಕಾರ್ಖಾನೆಯಲ್ಲಿ ಹಿಮ ಬೀಳತೊಡಗಿತು. ಅಲ್ಲಿ ಬಟ್ಟೆ ಕತ್ತರಿಸುವ ಮೇಜುಗಳಿಂದ ಏಳುವ ನೂಲಿನ ಧೂಳು ಬಿಸಿಲು ಬಿದ್ದಾಗ ಗಾಳಿಯಲ್ಲಿ ತೇಲುತ್ತದೆ. ರೇಣವ್ವ ಕಾಲರಿನ ಮೂಲೆ ತಿರುಗಿಸುತ್ತ ಅದನ್ನೇ ನೋಡುವಳು. ಯಂತ್ರಗಳ ಸದ್ದು ಮೆಲ್ಲಗೆ ದೂರವಾಗಿ ಸಾವಿರಾರು ಹೆಜ್ಜೆಗಳ ಸಪ್ಪಳವಾಗುವುದು. ತಲೆಗೆ ಶಾಲು ಹೊದ್ದ ಹೆಂಗಸರು ಬೆಳ್ಳಗಿನ ಬೀದಿಯಲ್ಲಿ ನಡೆಯುತ್ತಿರುವರು. ಅವರ ಮುಖಗಳು ಆಕೆಗೆ ಸುಳ್ಳದ ಹೆಂಗಸರ ಮುಖಗಳಂತೆಯೇ ಕಾಣುತ್ತಿದ್ದವಂತೆ. ಕೈ ಮಾತ್ರ ತಪ್ಪದೆ ಕಾಲರ್ ಕೂರಿಸುತ್ತಿತ್ತು. ಪಕ್ಕದ ಯಂತ್ರದ ಅಬೀದಾ ಆಗಾಗ ಮೊಣಕೈಯಿಂದ ತಿವಿದು, "ಎಲ್ಲಿಗೆ ಹೋಗಿಯೇ? ಬಾ ವಾಪಸ್" ಎನ್ನುತ್ತಿದ್ದಳು.

ನಾಲ್ಕನೆಯದು ಮುಗಿದ ಮೇಲೆ ಅಪ್ಪ ಮೂರನೆಯದನ್ನು ತೆಗೆಸಿದರು. ಅಂದು ನಾನೂ ಅಲ್ಲೇ ಉತ್ತರಪತ್ರಿಕೆ ತಿದ್ದುತ್ತ ಕುಳಿತಿದ್ದೆ. ನ್ಯೂಯಾರ್ಕಿನಲ್ಲಿ ಸಾವಿರದ ಒಂಬೈನೂರ ಹನ್ನೊಂದರ ಮಾರ್ಚ್ ಇಪ್ಪತ್ತೈದು, ಶನಿವಾರ ಸಂಜೆ. ಎತ್ತರದ ಕಟ್ಟಡದ ಮೇಲಿನ ಮಹಡಿಗಳಲ್ಲಿ ಹೆಂಗಸರ ರವಿಕೆಯಂಥ ಅಂಗಿ ಹೊಲಿಯುವ ಕಾರ್ಖಾನೆ. ಕೆಲಸ ಬಿಡುವ ಹೊತ್ತಿಗೆ ಬಟ್ಟೆಯ ಚೂರುಗಳಿಗೆ ಕಿಡಿ ಹತ್ತಿತು. ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಕೀಲಿ ಹಾಕಿತ್ತು. ನೂರ ನಲವತ್ತಾರು ಜನ ಸತ್ತರು, ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು.

ರೇಣವ್ವನ ದನಿ ಅಲ್ಲಿಗೆ ನಿಂತಿತು. ಆ ಸಾಲಿನ ಮೇಲೆ ಬೆರಳಿಟ್ಟಳು. ಆಮೇಲೆ, "ಕೀಲಿ ಯಾಕ ಹಾಕಿದ್ರು ಸರ?" ಎಂದಳು.

"ಹುಡಿಗ್ಯಾರು ಬಟ್ಟೆ ಕದ್ದೊಯ್ತಾರ ಅಂತ. ಹೋಗೋವಾಗ ಒಂದ ಬಾಗಲದಾಗ ಹಾಯ್ಸಿ, ಚೀಲ ತಗಸಿ ನೋಡ್ತಿದ್ರು."

"ನಮ್ಮಲ್ಲೂ ನೋಡ್ತಾರ್ರಿ," ಎಂದಳು ಆಕೆ. ನೋಟು ಮುಚ್ಚಿ, ನೀರು ಕೇಳಿ ಕುಡಿದು, ಆ ದಿನ ಬೇಗ ಹೊರಟುಹೋದಳು.

ಮುಂದಿನ ವಾರ ಬಂದವಳೇ ಕೇಳಿದಳು: "ಆ ಹುಡಿಗ್ಯಾರ ಹೆಸರು ಯಾಕ ಬರದಿಲ್ರಿ ಸರ? ನೂರಾ ನಲವತ್ತಾರು ಅಂತ ಲೆಕ್ಕಷ್ಟ ಐತಿ." ಅಪ್ಪನಿಗೆ ನಾಚಿಕೆಯಾಯಿತು. ನನ್ನನ್ನು ಕರೆದು ಹುಡುಕಲು ಹೇಳಿದರು. ಪಟ್ಟಿ ಸಿಕ್ಕಿತು, ಆರು ಜನರ ಹೆಸರು ನೂರು ವರ್ಷದವರೆಗೂ ಯಾರಿಗೂ ಗೊತ್ತಿರಲಿಲ್ಲವೆಂಬುದೂ ತಿಳಿಯಿತು. ನಾನು ಒಂದೊಂದೇ ಹೆಸರು ಓದಿದೆ, ಆಕೆ ತನ್ನ ದುಂಡನೆಯ ಕನ್ನಡದಲ್ಲಿ ಬರೆದುಕೊಂಡಳು. ನಮ್ಮ ನಾಲಿಗೆಗೆ ಒಗ್ಗದ ಇಟಲಿಯ ಹೆಸರುಗಳು, ಯಹೂದಿ ಹೆಸರುಗಳು. ಪಕ್ಕದಲ್ಲಿ ವಯಸ್ಸು: ಹದಿನಾರು, ಹತ್ತೊಂಬತ್ತು, ಹದಿನಾಲ್ಕು. ಮುಗಿಯಲು ಮೂರು ರವಿವಾರ ಹಿಡಿಯಿತು. ಆ ಮೂರು ರವಿವಾರ ನಮ್ಮ ಪಡಸಾಲೆಯಲ್ಲಿ ಬೇರೆ ಯಾವ ಮಾತೂ ಆಗಲಿಲ್ಲ. ಲೆಕ್ಕದ ಮೇಡಂ ಆದ ನನಗೆ ಒಂದು ಸಂಖ್ಯೆ ಅಷ್ಟು ಉದ್ದವಿರುತ್ತದೆಂದು ಆಗಲೇ ಗೊತ್ತಾದದ್ದು.

ಈಗ ಕಾರ್ಖಾನೆಯಲ್ಲಿ ಹಿಮದ ಬದಲು ಆ ಹುಡುಗಿಯರೇ ಬರತೊಡಗಿದರು. ಹೊಲಿಯುತ್ತ ತಲೆ ಎತ್ತಿದರೆ ಎರಡು ಯಂತ್ರಗಳ ನಡುವಿನ ಜಾಗದಲ್ಲಿ ಯಾರೋ ಕುಳಿತಿರುವರು, ಉದ್ದ ಲಂಗ, ಎತ್ತಿ ಕಟ್ಟಿದ ಕೂದಲು. ಅವರು ಹೆದರಿಸಲಿಲ್ಲ, ಅಳಲಿಲ್ಲ. ಹೊಲಿಗೆ ಹೇಗೆ ಬರುತ್ತಿದೆ ಎಂದು ಬಗ್ಗಿ ನೋಡುವರು, ದಾರ ತುಂಡಾದರೆ ಪೋಣಿಸಿಕೊಡುವಂತೆ ಕೈ ಚಾಚುವರು. ಆಮೇಲೆ ಎದ್ದು ಹಿಂದಿನ ಗೋಡೆಯ ಕಡೆ ನಡೆದು ಅಲ್ಲೇ ನಿಲ್ಲುವರು. "ಹೊಳ್ಳಿ ನನ್ನ ಕಡೆ ನೋಡ್ತಿದ್ರು ಅಕ್ಕಾರ," ಎಂದು ರೇಣವ್ವ ನನಗೆ ಹೇಳಿದ್ದಳು. "ನಾನೂ ಆ ಕಡೆ ನೋಡಿದ್ನಿ. ಒಂಬತ್ತು ವರ್ಷ ಆತು, ಅಲ್ಲೊಂದು ಬಾಗಲಾ ಐತಿ ಅನ್ನೋದು ಮರತ ಹೋಗಿತ್ತು."

ಬಾಗಿಲು ಇತ್ತು. ಅದರ ಮುಂದೆ ರಟ್ಟಿನ ಪೆಟ್ಟಿಗೆಗಳ ರಾಶಿ, ರಾಶಿಯ ಹಿಂದೆ ಬಾಗಿಲಿಗೆ ಸರಪಳಿ, ಸರಪಳಿಗೆ ಬೀಗ. ಒಳಗೆ ಇನ್ನೂರ ಹತ್ತು ಜನ ಹೆಂಗಸರು. ಹೊರಹೋಗಲು ಮುಂದಿನ ಬಾಗಿಲೊಂದೇ. ರೇಣವ್ವ ಮೇಲ್ವಿಚಾರಕ ಕೇದಾರನ ಹತ್ತಿರ ಹೋದಳು. ಮೂವತ್ತರ ಆಸುಪಾಸಿನ, ಕೆಟ್ಟವನಲ್ಲದ ಹುಡುಗ.

"ಸರ, ಹಿಂದಿನ ಬಾಗಲದ ಕೀಲಿ ತಗಸ್ರಿ."

"ನಿದ್ದಿಗಣ್ಣಾಗ ಏನರ ಕಂಡ್ರೇನು ರೇಣವ್ವಾ?" ಎಂದು ಅವನು ನಕ್ಕ. ಆಕೆಯ ಮುಖ ನೋಡಿ ನಗು ನಿಲ್ಲಿಸಿದ. "ಮಾಲಕರ ಆರ್ಡರ್ ಅದ. ನಾ ಏನ್ ಮಾಡ್ಲಿ, ಹೇಳ್ರಿ."

ಊಟದ ಬಿಡುವಿನಲ್ಲಿ ಅಬೀದಾ ಏನು ವಿಷಯವೆಂದು ಕೇಳಿದಳು. ರೇಣವ್ವ ಹೇಳಿದಳು. ಒಂದೇ ದಿನಕ್ಕೆ ಮುಗಿಯಲಿಲ್ಲ. ದಿನವೂ ರೊಟ್ಟಿ ಬಿಚ್ಚಿ ಕುಳಿತಾಗ ನಮ್ಮಪ್ಪನ ನೋಟುಗಳು ಆಕೆಯ ಬಾಯಿಂದ ಹೊರಬರತೊಡಗಿದವು. ಫ್ಲಿಂಟ್ ಎಂಬ ಊರಿನ ಕಾರು ಕಾರ್ಖಾನೆಯ ಕೆಲಸಗಾರರು ಹೊರಗೆ ನಡೆಯದೆ ಒಳಗೇ ಕುಳಿತುಬಿಟ್ಟ ಕಥೆ ಎಲ್ಲರಿಗೂ ಮೆಚ್ಚುಗೆಯಾಯಿತು. ಚಳಿಗಾಲದಲ್ಲಿ ನಲವತ್ನಾಲ್ಕು ದಿನ. ಕಾರಿನ ಸೀಟುಗಳ ಮೇಲೆ ಮಲಗಿದರು, ಹೊರಗಿನಿಂದ ಹೆಂಗಸರು ಕಿಟಕಿಯಲ್ಲಿ ಊಟ ಕೊಟ್ಟರು.

"ಅಮೆರಿಕಾದಾಗ ಸುದ್ದಾ ಹಿಂಗ ಇತ್ತಾ?" ಎಂದಳು ಅಬೀದಾ. "ಅಲ್ಲೆಲ್ಲ ಮೊದ್ಲಿಂದನೂ ಛಲೋ ಇತ್ತು ಅಂದ್ಕೊಂಡಿದ್ದೆ ನಾನು."

"ಯಾರೂ ಕೊಟ್ಟಿದ್ದಲ್ಲಂತ ಅದು. ಕೇಳಿ ಕೇಳಿ ತಗೊಂಡಿದ್ದಂತ."

ಮನವಿ ಬರೆಯುವುದೆಂದಾಯಿತು. ಆದರೆ ಮೊದಲ ಸಹಿ ಯಾರದು? ಮೊದಲ ಹೆಸರಿನವರು ಮೊದಲು ಮನೆಗೆ ಹೋಗುತ್ತಾರೆಂದು ಎಲ್ಲರೂ ಹಿಂದೆ ಸರಿದರು. ಆಗ ಅಬೀದಾ ತನ್ನ ಬುತ್ತಿಡಬ್ಬಿಯ ಮುಚ್ಚಳವನ್ನು ಹಾಳೆಯ ಮೇಲೆ ಬೋರಲಿಟ್ಟು ಸುತ್ತಲೂ ಪೆನ್ನು ಎಳೆದಳು. "ಈಗ ಗೋಲಾಗಿ ಬರೀರಿ. ಯಾರು ಮೊದಲು, ಯಾರು ಕೊನಿಗೆ, ಅವ್ರೇ ಹುಡುಕಲಿ." ಅರವತ್ತೊಂದು ಹೆಸರುಗಳು ಸೂರ್ಯನ ಕಿರಣಗಳಂತೆ ಆ ವೃತ್ತದ ಸುತ್ತ ಕುಳಿತವು. ಕೇದಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮೇಜಿನ ಖಾನೆಯಲ್ಲಿಟ್ಟ. ತಿಂಗಳಾದರೂ ಅದು ಅಲ್ಲೇ ಇತ್ತು.

ಫೆಬ್ರವರಿಯ ಒಂದು ಮಧ್ಯಾಹ್ನ ಇಸ್ತ್ರಿ ಮಾಡುವ ಮೂಲೆಯಲ್ಲಿ ವೈರು ಸುಟ್ಟು ಹೊಗೆ ಎದ್ದಿತು. ಬೆಂಕಿಯೇನೂ ಆಗಲಿಲ್ಲ, ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. ಆದರೆ ಆ ಐದು ನಿಮಿಷದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಒಂದೇ ಬಾಗಿಲಿಗೆ ನುಗ್ಗಿದರು. ಅಬೀದಾ ಹೊಸ್ತಿಲಲ್ಲಿ ಬಿದ್ದಳು. ಮೇಲೆ ಜನ ಹಾದರು. ಮಣಿಕಟ್ಟಿನ ಎಲುಬು ಮುರಿಯಿತು. ರೇಣವ್ವ ಮಾತ್ರ ಮುಂದೆ ಓಡಿರಲಿಲ್ಲ. ಆ ಹುಡುಗಿಯರ ಹಿಂದೆ ಹಿಂದೆ ಹೋಗಿ ಪೆಟ್ಟಿಗೆಗಳ ನಡುವೆ ನಿಂತುಬಿಟ್ಟಿದ್ದಳು. ಹೊಗೆ ಕರಗಿದ ಮೇಲೆ ನೋಡಿದರೆ ಅಲ್ಲಿ ತಾನೊಬ್ಬಳೇ, ಎರಡೂ ಕೈ ಸರಪಳಿಯ ಮೇಲೆ.

ಮರುದಿನ ಮುಂಜಾನೆ ಹತ್ತು ಗಂಟೆಗೆ ರೇಣವ್ವ ತನ್ನ ಯಂತ್ರದ ಗುಂಡಿ ಒತ್ತಿ ಆರಿಸಿದಳು. ಕೈಗಳನ್ನು ಉಡಿಯಲ್ಲಿಟ್ಟುಕೊಂಡಳು. ಪಕ್ಕದಲ್ಲಿ ಅಬೀದಾಳ ಕುರ್ಚಿ ಖಾಲಿ. ಹಿಂದಿನವಳು ನೋಡಿದಳು, ತಾನೂ ಆರಿಸಿದಳು. ಆಚೆ ಸಾಲಿನವಳು ಆರಿಸಿದಳು. ಮಳೆ ನಿಲ್ಲುವಾಗ ಮೊದಲು ದೂರದ ಹೊಲದಲ್ಲಿ, ಆಮೇಲೆ ಅಂಗಳದಲ್ಲಿ, ಕೊನೆಗೆ ಸೂರಿನಲ್ಲಿ ನಿಲ್ಲುವಂತೆ ಸದ್ದು ಸಾಲು ಸಾಲಾಗಿ ನಿಂತಿತು.

ಆ ಮೌನದ ಬಗ್ಗೆ ರೇಣವ್ವ ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ. ತಗಡಿನ ಮಾಡು ಬಿಸಿಲಿಗೆ ಟಿಕ್ ಟಿಕ್ ಎನ್ನುತ್ತಿತ್ತಂತೆ. ತೊಲೆಯ ಸಂದಿಯಲ್ಲಿ ಗುಬ್ಬಿಗಳು ಗೂಡು ಕಟ್ಟಿದ್ದವು. ಅಷ್ಟು ವರ್ಷ ಅವುಗಳ ದನಿಯನ್ನು ಯಾರೂ ಕೇಳಿರಲಿಲ್ಲ. ಎಲ್ಲೋ ದೂರದಲ್ಲಿ ರೈಲು ಹೋಯಿತು. ಇನ್ನೂರು ಜನ ಉಸಿರಾಡುವುದು ಒಂದೇ ದೊಡ್ಡ ಪ್ರಾಣಿ ಮಲಗಿ ಉಸಿರಾಡಿದಂತೆ ಕೇಳುತ್ತಿತ್ತು. ಯಾರೋ ಸಣ್ಣಗೆ ನಕ್ಕರು. ಯಾರೋ ಅತ್ತರು.

ಕೇದಾರ ಸಾಲಿನಿಂದ ಸಾಲಿಗೆ ಓಡಾಡಿದ. "ಏನಾತ್ರಿ? ಕರೆಂಟ್ ಅದ ಅಲಾ! ಶುರು ಮಾಡ್ರಿ." ಯಾರೂ ಗುಂಡಿ ಒತ್ತಲಿಲ್ಲ. ಕೊನೆಗೆ ರೇಣವ್ವನ ಮುಂದೆ ನಿಂತ. "ರೇಣವ್ವಾ, ನನ್ನ ನೌಕ್ರಿ ಹೋಗ್ತದ."

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಸರ. ಬಾಗಲಾ ತಗೀರಿ, ಹೊಲಿತೇವಿ."

ಒಂದು ಗಂಟೆಗೆ ಮಾಲಕರು ಬಂದರು. ಬೈದರು, ಆಮೇಲೆ ಸಮಾಧಾನದ ಮಾತಾಡಿದರು. ಅವಸರ ಬಿದ್ದಾಗ ಕೀಲಿ ತೆಗೆಯಲು ಎಷ್ಟು ಹೊತ್ತು ಬೇಕು, ಕೀಲಿ ಕೇದಾರನ ಹತ್ತಿರವೇ ಇದೆಯಲ್ಲ ಎಂದರು. ರೇಣವ್ವ ಎದ್ದು ನಿಂತಳು. "ಹಂಗಾರ ಈಗ ತಗೀರಿ ಸಾಹೇಬ್ರ. ಎಷ್ಟ ಹೊತ್ತು ಹಿಡೀತೈತಿ ನೋಡೂಣು."

ಪೆಟ್ಟಿಗೆಗಳನ್ನು ಸರಿಸಿದರು. ಕೇದಾರ ಕೀಲಿ ಹಾಕಿ ತಿರುಗಿಸಿದ. ತಿರುಗಲಿಲ್ಲ. ಎಣ್ಣೆ ಬಿಟ್ಟರು. ತಿರುಗಲಿಲ್ಲ. ಮಾಲಕರು ತಾವೇ ಹಿಡಿದು ಒತ್ತಿದರು. ಕೀಲಿ ಬೀಗದೊಳಗೇ ಮುರಿದು ಉಳಿಯಿತು. ಇನ್ನೂರು ಜನ ಹೆಂಗಸರು ನೋಡುತ್ತಿದ್ದರು. ಮಾಲಕರು ಕೈಯಲ್ಲಿ ಉಳಿದ ಅರ್ಧ ಕೀಲಿಯನ್ನು ನೋಡಿಕೊಂಡರು. ಯಾರೋ ಕಬ್ಬಿಣದ ಗರಗಸ ತಂದರು. ಸರಪಳಿ ಕತ್ತರಿಸಿ ಬಾಗಿಲು ದೂಡಲು ನಲವತ್ತು ನಿಮಿಷ ಹಿಡಿಯಿತು. ಬಾಗಿಲಿನಾಚೆ ಕಡಲೆ ಕಿತ್ತ ಕರಿಯ ಹೊಲ, ಅದರ ಮೇಲೆ ನಡುಹಗಲಿನ ಬೆಳಕು. ಗಾಳಿ ಒಳಗೆ ನುಗ್ಗಿ ಕತ್ತರಿಸಿಟ್ಟ ತೋಳುಗಳನ್ನು, ಜೇಬುಗಳನ್ನು ಹಾರಿಸಿತು.

ಆ ಸಂಜೆ ಆಕೆ ನೇರವಾಗಿ ನಮ್ಮ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಅಪ್ಪ ಮಂಜುಗಣ್ಣನ್ನು ಅಗಲಿಸಿ ಕೇಳಿದರು. "ಕೀಲಿ ಒಳಗ ಮುರೀತೇನು?" ಎಂದರು. "ಹೌದ್ರಿ ಸರ." ಸ್ವಲ್ಪ ಹೊತ್ತಿಗೆ ಮತ್ತೆ, "ಖರೇನ ಮುರೀತು?" ಅವರು ಕೋಣೆಗೆ ಹೋಗಿ ಬಹಳ ಹೊತ್ತು ಹೊರಬರಲಿಲ್ಲ.

ಇಲ್ಲಿಗೇ ಎಲ್ಲ ಸುಖವಾಯಿತು ಎನ್ನುವ ಹಾಗಿಲ್ಲ. ಮೊದಲು ರೇಣವ್ವನನ್ನು ದಾರ ಕತ್ತರಿಸುವ ಮೇಜಿಗೆ ಕಳಿಸಿದರು. ಮೂರು ವಾರದ ನಂತರ ನಾಳೆಯಿಂದ ಬರಬೇಡ ಎಂದರು. ಶಿದ್ದಪ್ಪ ಸಿಟ್ಟಾದ. "ಊರ ಬಾಗಲಾ ತಗಸಾಕ ಹೋಗಿ ನಿನ್ನ ಬಾಗಲಾ ಮುಚಗೊಂಡಿ" ಎಂದ. ಆದರೂ ಮರುದಿನ ಆಕೆಯನ್ನು ಕಾರ್ಮಿಕ ಇಲಾಖೆಗೆ ಟೆಂಪೊದಲ್ಲಿ ಕರೆದುಕೊಂಡು ಹೋದವನೂ ಅವನೇ. ಇತ್ತ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಬೀದಾ ಮನೆ ಮನೆ ತಿರುಗಿ ಸಂಘಕ್ಕೆ ಹೆಸರು ಬರೆಸತೊಡಗಿದಳು.

ಅಲ್ಲಿ ಒಂದು ತಕರಾರು ಬಂತು. ಹೊಲಿಯುವವರ ಸಂಘದಲ್ಲಿ ಕಸ ಗುಡಿಸುವವರು, ಇಸ್ತ್ರಿಯವರು, ಪೆಟ್ಟಿಗೆ ಹೊರುವವರು ಯಾಕೆ ಎಂದು ಕೆಲವರು ಕೇಳಿದರು. ರೇಣವ್ವ ಅಪ್ಪನ ಹತ್ತಿರ ಬಂದಳು. ಅಪ್ಪ ಏಳನೆಯ ನೋಟು ತೆಗೆಸಿದರು. "ಅವರೂ ಇದ ತಪ್ಪು ಮಾಡಿದ್ರವಾ. ಒಂದೊಂದು ಕಸಬಿಗೆ ಒಂದೊಂದು ಸಂಘ. ಎಷ್ಟೋ ಸಂಘದಾಗ ಕರಿಯ ಜನರನ್ನ ಸೇರಿಸಲಿಲ್ಲ, ಹೆಂಗಸರನ್ನ ಸೇರಿಸಲಿಲ್ಲ. ಒಬ್ಬರು ಮುಷ್ಕರ ಹೂಡಿದಾಗ ಇನ್ನೊಬ್ಬರು ಕೆಲಸಕ್ಕ ಹೋದ್ರು, ಇಬ್ಬರೂ ಸೋತ್ರು. ಇಡೀ ಕಾರ್ಖಾನಿಗೆ ಒಂದ ಸಂಘ ಅನ್ನೋದು ಕಲೀಲಿಕ್ಕೆ ಅವರಿಗೆ ಐವತ್ತು ವರ್ಷ ಹಿಡೀತು."

"ನಮಗ ಅಷ್ಟ ಪುರಸೊತ್ತಿಲ್ರಿ ಸರ," ಎಂದಳು ರೇಣವ್ವ. ಮುಂದಿನ ಸಭೆಯಲ್ಲಿ ಕಸ ಗುಡಿಸುವ ದುರ್ಗಾಳ ಹೆಸರನ್ನು ಆಕೆಯೇ ಬರೆದಳು. ಹೊಗೆ ಎದ್ದ ದಿನ ಗುಡಿಸುವವರು ಯಾವ ಬಾಗಿಲಿಗೆ ಓಡಿದ್ದರು ಎಂದು ಕೇಳಿದಳಂತೆ. ಆಮೇಲೆ ತಕರಾರು ಏಳಲಿಲ್ಲ.

ಏಳು ವಾರ ಆಕೆಗೆ ಕೆಲಸವಿರಲಿಲ್ಲ. ಆ ದಿನಗಳಲ್ಲಿ ನೋಟುಗಳ ತಿದ್ದುಪಡಿ ಭರದಿಂದ ಸಾಗಿತು. ಎಂಟನೆಯ ವಾರ ಸಂಘ ನೋಂದಣಿಯಾಯಿತು. ಅಧಿಕಾರಿಗಳ ಮುಂದೆ ಮಾತುಕತೆಯಾಗಿ ರೇಣವ್ವನನ್ನು ಮತ್ತೆ ಕಾಲರಿನ ಯಂತ್ರಕ್ಕೇ ತೆಗೆದುಕೊಂಡರು. ಕೇದಾರನ ನೌಕರಿಯೂ ಉಳಿಯಿತು. ಮೊದಲ ದಿನ ಅವನೇ ಆಕೆಯ ಯಂತ್ರಕ್ಕೆ ಎಣ್ಣೆ ಹಾಕಿಸಿಟ್ಟಿದ್ದ.

"ಈಗಲೂ ಬರ್ತಾರೇನು ಆ ಹುಡಿಗ್ಯಾರು?" ಎಂದು ನಾನೊಮ್ಮೆ ಕೇಳಿದೆ.

"ಇಲ್ರಿ ಅಕ್ಕಾರ," ಎಂದಳು ಆಕೆ. "ಬಾಗಲಾ ತಗದ ದಿನ ಹೊಲದಾಗ ಹಾಯ್ದು ಹೋದ್ರು. ಎಲ್ಲಾರ ಕಣ್ಣಿಗೂ ಕಂಡಿರ್ಬೇಕು ಅಂದ್ಕೊಂಡಿದ್ದೆ. ಯಾರೂ ಮಾತ ತಗೀಲಿಲ್ಲ, ನಾನೂ ಕೇಳಲಿಲ್ಲ."

ಈಗ ಸಂಘದವರು ಕೂಸುಗಳಿಗೆ ಒಂದು ಕೋಣೆ ಬೇಕೆಂದು ಕೇಳುತ್ತಿದ್ದಾರೆ, ತಾಯಂದಿರು ಕೆಲಸಕ್ಕೆ ಕುಳಿತಾಗ ಮಲಗಿಸಲು. ಆಗುತ್ತದೋ ಇಲ್ಲವೋ ಇನ್ನೂ ತಿಳಿಯದು. ಕಳೆದ ಗುರುವಾರ ಅದೇ ಕೆಲಸಕ್ಕಾಗಿ ರೇಣವ್ವ, ಅಬೀದಾ ಹುಬ್ಬಳ್ಳಿಯ ಕಾರ್ಮಿಕ ಇಲಾಖೆಯ ಬೆಂಚಿನ ಮೇಲೆ ಕಾಯುತ್ತಿದ್ದರು. ಕಾಗದಪತ್ರಗಳ ಜೆರಾಕ್ಸ್ ಮಾಡಿಸಿ ನಾನು ಅಲ್ಲಿಗೆ ಹೋದಾಗ ಮಧ್ಯಾಹ್ನ ಮೂರಾಗಿತ್ತು. ಮೇಲೆ ಫ್ಯಾನು ನಿಧಾನವಾಗಿ ತಿರುಗುತ್ತಿತ್ತು. ರೇಣವ್ವ ಅಬೀದಾಳ ಹೆಗಲಿಗೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು, ನಿಜವಾಗಿಯೇ ನಿದ್ದೆ ಹೋಗಿದ್ದಳು. ಎಬ್ಬಿಸಲೆಂದು ಕೈ ಚಾಚಿದೆ. ಅಬೀದಾ ತುಟಿಗೆ ಬೆರಳಿಟ್ಟು ತಡೆದಳು.

"ಇರ್ಲಿ ಬಿಡ್ರಿ ಮೇಡಂ. ಹೆಸರು ಕೂಗಲಿ, ಎಬ್ಬಸ್ತೀನಿ. ಏನು ಕಂಡ್ಕೊಂಡು ಏಳ್ತಾಳೋ ನೋಡೋಣ."

ನಾನು ಕಾಗದಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಬೆಂಚಿನ ಕೊನೆಗೆ ಕುಳಿತೆ.